ಚಾಪೆಲ್ಲಿನ ಹಿಂದಿನ ಮೂಲೆ

ಹೋದ ತಿಂಗಳು ಒಂದು ಮೀಟಿಂಗಿಗೆಂದು ಶೆಫೀಲ್ಡಿನಿಂದ ಲಂಡನ್ನಿಗೆ ಹೋಗಿದ್ದೆ. ಕೆಲಸ ಬೇಗ ಮುಗಿಯಿತು. ರೈಲಿಗೆ ಇನ್ನೂ ಹೊತ್ತಿದ್ದುದರಿಂದ ವೆಂಬ್ಲಿಗೆ ಹೋಗಿ, ಈಲಿಂಗ್ ರೋಡಿನ ಅಂಗಡಿಯಲ್ಲಿ ರಾಗಿಹಿಟ್ಟು, ಹುರುಳಿಕಾಳು ಕೊಂಡು ಬಸ್ಸಿಗೆ ನಿಂತಿದ್ದೆ. ಪಕ್ಕದ ಪಾರ್ಕಿನ ಅಂಚಿನಲ್ಲಿ ಇಬ್ಬರು ಕೆಲಸದವರು ಮುಳ್ಳುಪೊದೆ ಕಡಿಯುತ್ತಿದ್ದರು. ಮಳೆ ನಿಂತು ಸ್ವಲ್ಪವೇ ಹೊತ್ತಾಗಿತ್ತು. ಕಡಿದ ಬಳ್ಳಿಯ ಹಸಿ ವಾಸನೆ, ಅದರ ಬೇರಿನ ಜೊತೆ ಎದ್ದುಬಂದ ಜೇಡಿಮಣ್ಣಿನ ತಣ್ಣನೆಯ ವಾಸನೆ, ಎರಡೂ ಒಟ್ಟಿಗೇ ಮೂಗಿಗೆ ಬಂದವು. ಬಸ್ಸು ಬಂತು. ನಾನು ಹತ್ತಲಿಲ್ಲ. ಕೈಚೀಲ ಹಿಡಿದುಕೊಂಡು ಆ ಪೊದೆಯ ಕಡೆಗೇ ನೋಡುತ್ತಾ ನಿಂತುಬಿಟ್ಟೆ.

ಆ ವಾಸನೆಯಲ್ಲಿ ಒಂದು ಇಡೀ ಚಳಿಗಾಲ ಕಳೆದಿದ್ದೇನೆ. ನಿಂತಲ್ಲಿ ನಿಲ್ಲಲಾಗದೆ, ಕೂತಲ್ಲಿ ಕೂರಲಾಗದೆ ಒದ್ದಾಡಿದ ಚಳಿಗಾಲ ಅದು.

ಆಗ ನಾವು ಕೊಲಿಂಡೇಲಿನ ಹೊಸ ಅಪಾರ್ಟ್‌ಮೆಂಟೊಂದರ ಒಂಬತ್ತನೇ ಮಹಡಿಯಲ್ಲಿ ಬಾಡಿಗೆಗಿದ್ದೆವು. ನನ್ನ ಗಂಡ ಗಿರೀಶ ಸರ್ಕಾರಿ ಆಸ್ಪತ್ರೆಯೊಂದರ ಅರಿವಳಿಕೆ ವಿಭಾಗದಲ್ಲಿ ತರಬೇತಿಯಲ್ಲಿದ್ದ. ನಾನು ಮೈಸೂರಿನಲ್ಲಿ ಭೂವಿಜ್ಞಾನ ಓದಿ, ಎರಡು ವರ್ಷ ಗಣಿ ಕಂಪನಿಯಲ್ಲಿ ಕೆಲಸ ಮಾಡಿ, ಮದುವೆಯಾಗಿ ಇಲ್ಲಿಗೆ ಬಂದವಳು. ಬಂದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಕೆಲಸವಿರಲಿಲ್ಲ. ಗಿರೀಶ ಡ್ಯೂಟಿಗೆ ಹೋದ ಮೇಲೆ ಫ್ಲ್ಯಾಟಿನಲ್ಲಿ ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ ಓಡಾಡುತ್ತಿದ್ದೆ. ಕೆಳಗಿನ ಮನೆಯವರು ಒಮ್ಮೆ ಲಿಫ್ಟಿನಲ್ಲಿ ಸಿಕ್ಕಿ, ಮೇಲೆ ಯಾರೋ ಇಡೀ ದಿನ ನಡೆಯುತ್ತಾರಲ್ಲ, ನೀವಾ ಎಂದು ಕೇಳಿದ್ದರು.

ಅಕ್ಟೋಬರಿನಲ್ಲಿ ಹೆಲೆನ್ ನನ್ನನ್ನು ಕೆಲಸಕ್ಕೆ ತೆಗೆದುಕೊಂಡಳು. ಐವತ್ತು ದಾಟಿದ, ಕೆನ್ನೆಯೆಲ್ಲ ಗಾಳಿಗೆ ಕೆಂಪಾದ, ಮಾತು ಕಡಿಮೆಯ ಹೆಂಗಸು. ಎಲ್ಲಾದರೂ ಕಟ್ಟಡ ಕಟ್ಟುವ ಮುಂಚೆ ಆ ನೆಲದಡಿ ಹಳೆಯದೇನಾದರೂ ಹೂತುಹೋಗಿದೆಯೇ ಎಂದು ಅಗೆಯದೆಯೇ ನೋಡಿ ಹೇಳುವುದು ಅವಳ ಪುಟ್ಟ ಕಂಪನಿಯ ಕೆಲಸ. ಕಂಪನಿ ಎಂದರೆ ಅವಳು, ಒಂದು ವ್ಯಾನು, ಮ್ಯಾಗ್ನೆಟೋಮೀಟರ್ ಎಂಬ ಯಂತ್ರ. ಜೊತೆಗೆ ನಾನು.

ಯಂತ್ರದ ತತ್ವ ನನಗೆ ಓದಿ ಗೊತ್ತಿತ್ತು. ಮಣ್ಣಿನಲ್ಲಿ ಎಲ್ಲೆಲ್ಲೂ ಒಂದಿಷ್ಟು ಕಬ್ಬಿಣದ ಅಂಶವಿರುತ್ತದೆ. ಇಟ್ಟಿಗೆಯನ್ನು ಸುಟ್ಟು ಆರಿಸುವಾಗ ಅದರೊಳಗಿನ ಕಣಗಳು ಆ ಹೊತ್ತಿನ ಭೂಮಿಯ ಕಾಂತಶಕ್ತಿಯ ಗುರುತು ಹಿಡಿದು ಹಾಗೇ ಉಳಿದುಬಿಡುತ್ತವೆ. ಗೋಡೆ ಕೆಡವಿ, ಮೇಲೆ ಹುಲ್ಲು ಬೆಳೆದು ಎಷ್ಟು ಕಾಲವಾದರೂ ಅಡಿಪಾಯದ ಇಟ್ಟಿಗೆಯ ಮೇಲೆ ಯಂತ್ರ ಹಿಡಿದು ಹೋದರೆ ಅಂಕಿ ಏರುತ್ತದೆ. ನೆಲವನ್ನು ಚೌಕಗಳಾಗಿ ಭಾಗಿಸಿ, ನೈಲಾನ್ ದಾರ ಕಟ್ಟಿ, ಆ ದಾರದ ಗುಂಟ ಹೋಗಿ ಬಂದು ಹೋಗಿ ಬಂದು ನಡೆಯಬೇಕು. ಯಂತ್ರ ಬೀಪ್ ಎಂದಾಗಲೆಲ್ಲ ಗೆರೆಯ ಮೇಲೆ ಎಷ್ಟಿರಬೇಕೋ ಅಷ್ಟೇ ಮುಂದಿರಬೇಕು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ನನಗೆ ಬರದೇ ಇದ್ದದ್ದು ಅದೇ. ಮೊದಲ ವಾರ ನನ್ನ ಗೆರೆಗಳೆಲ್ಲ ಹಲ್ಲುಹಲ್ಲಾಗಿ ಬಂದವು.

"ನೀನು ಯಾಕೆ ಓಡುತ್ತೀಯ?" ಎಂದಳು ಹೆಲೆನ್, ಲ್ಯಾಪ್‌ಟಾಪಿನಲ್ಲಿ ನೋಡುತ್ತಾ. "ಗೆರೆಯ ಆ ತುದಿಯಲ್ಲಿ ಯಾರೂ ನಿನಗಾಗಿ ಕಾಯುತ್ತಿಲ್ಲ."

ಇನ್ನೊಂದು ಕಟ್ಟುನಿಟ್ಟು, ಮೈಮೇಲೆ ಕಬ್ಬಿಣದ ಚೂರೂ ಇರಕೂಡದು. ಬೀಗದಕೈ ಇಲ್ಲ, ಫೋನಿಲ್ಲ, ಜಿಪ್ಪಿನ ಪ್ಯಾಂಟಿಲ್ಲ, ತಂತಿಯಿರುವ ಒಳಉಡುಪಿಲ್ಲ. ದೊಗಲೆ ಪೈಜಾಮ, ರಬ್ಬರ್ ಬೂಟು, ಗುಂಡಿಯಿಲ್ಲದ ಸ್ವೆಟರು, ಅದರ ಮೇಲೊಂದು ಪ್ಲಾಸ್ಟಿಕ್ ಮಳೆಯಂಗಿ. ಗಿರೀಶ ಬೆಳಿಗ್ಗೆ ನನ್ನ ವೇಷ ನೋಡಿ ನಕ್ಕು ನಕ್ಕು ಕಾಫಿ ಚೆಲ್ಲಿಕೊಳ್ಳುತ್ತಿದ್ದ.

ನವೆಂಬರಿನಲ್ಲಿ ನಮಗೆ ಸಿಕ್ಕ ಜಾಗ ಒಂದು ಹಳೆಯ ಸ್ಮಶಾನದ ಹಿಂಭಾಗ. ಕೆಂಟನ್‌ನಿಂದ ಬಸ್ಸಿನಲ್ಲಿ ಸ್ವಲ್ಪವೇ ದೂರ. ಮುಂದಿನ ಭಾಗದಲ್ಲಿ ಕಲ್ಲುಗಳಿದ್ದವು, ಹೂವಿದ್ದವು, ಜನ ಬರುತ್ತಿದ್ದರು. ಹಿಂದೆ ಬರೀ ಹುಲ್ಲು, ಒಂದು ಮೂಲೆಯಲ್ಲಿ ಆಳೆತ್ತರದ ಬ್ರ್ಯಾಂಬಲ್ ಮುಳ್ಳು, ಅದಕ್ಕೆ ಒರಗಿಕೊಂಡು ತುಕ್ಕು ಹಿಡಿದ ಕಬ್ಬಿಣದ ಬೇಲಿ, ಆಚೆ ರಸ್ತೆ. ಅಲ್ಲಿ ಹಿಂದೆ ಇಟ್ಟಿಗೆಯ ಒಂದು ಚಾಪೆಲ್, ಅಂದರೆ ಪುಟ್ಟ ಪ್ರಾರ್ಥನಾಮಂದಿರ, ಇತ್ತಂತೆ, ಕೆಡವಿ ನಲವತ್ತು ವರ್ಷದ ಹತ್ತಿರವಾಗಿತ್ತು. ಹಳೆಯ ನಕ್ಷೆಯಲ್ಲಿ ಅದು ಉಗುರಿನಷ್ಟು ಚೌಕ. ಆಮೇಲೆ ರಸ್ತೆ ಅಗಲವಾಗಿ, ಗೇಟು ಜಾಗ ಬದಲಿಸಿ, ಆ ಚೌಕ ಹುಲ್ಲಿನ ಮೇಲೆ ಎಲ್ಲಿ ಕೂರುತ್ತದೆ ಎಂದು ಯಾರಿಗೂ ಖಾತ್ರಿಯಿರಲಿಲ್ಲ. ಸ್ಥಳೀಯ ಕೌನ್ಸಿಲಿಗೆ ಅಲ್ಲಿ ಕಾರ್ ಪಾರ್ಕಿಂಗ್ ಮಾಡುವುದಿತ್ತು. ಹಾಗೆಂದು ಬೇಲಿಗೆ ಒಂದು ನೋಟೀಸೂ ಕಟ್ಟಿದ್ದರು. ಆ ಭಾಗದಲ್ಲಿ ಗೋರಿಗಳಿಲ್ಲ ಎಂದು ಅವರ ನಂಬಿಕೆ. ಚಾಪೆಲ್ಲಿನ ಅಡಿಪಾಯ, ಅದಕ್ಕಿಂತ ಹಳೆಯ ಕಟ್ಟಡವೇನಾದರೂ ಕೆಳಗಿದ್ದರೆ ಅದು, ಇಷ್ಟನ್ನು ಹುಡುಕಿ ಕೊಡಿ ಎಂದು ಹೆಲೆನ್‌ಗೆ ಹೇಳಿದ್ದರು.

ಮಳೆ ಬಿಡಲೇ ಇಲ್ಲ. ಮಳೆಯೂ ಅಲ್ಲ, ಮಂಜೂ ಅಲ್ಲ, ಗಾಳಿಯಲ್ಲೇ ನೀರು ತೇಲುತ್ತಿತ್ತು. ಜೇಡಿಮಣ್ಣು ಬೂಟಿಗೆ ಮೆತ್ತಿಕೊಂಡು ಕಾಲು ಎತ್ತಿಡುವುದೇ ಒಂದು ಕೆಲಸವಾಗುತ್ತಿತ್ತು. ಮೂರು ಗಂಟೆಯಾದ ಮೇಲೆ ಬೆಳಕು ಸೋರಿಹೋಗುತ್ತಿತ್ತು. ಆ ಹೊತ್ತಿಗೆ ಬೇಲಿಯಾಚೆ ದಿನವೂ ಒಬ್ಬ ವಯಸ್ಸಾದ ಭಾರತೀಯರು ಬಂದು ನಿಲ್ಲುತ್ತಿದ್ದರು. ಉದ್ದ ಕೋಟು, ಉಣ್ಣೆಯ ಟೊಪ್ಪಿ. ಒಂದು ಮಾತಿಲ್ಲ, ಸುಮ್ಮನೆ ನೋಡುತ್ತಿದ್ದರು.

"ದೂರು ಕೊಡುವ ಗಿರಾಕಿ," ಎಂದಳು ಹೆಲೆನ್. "ಎಲ್ಲ ಕಡೆಯೂ ಒಬ್ಬರಿರುತ್ತಾರೆ."

ಒಂದು ದಿನ ವ್ಯಾನಿನ ಪಕ್ಕ ನಿಂತು ಅಮ್ಮನ ಜೊತೆ ಫೋನಿನಲ್ಲಿ ಮಾತಾಡಿ ಮುಗಿಸಿದ್ದೆ. ಬೇಲಿಯಾಚೆಯಿಂದ ದನಿ ಬಂತು.

"ಯಾವ ಊರವ್ವಾ ನಿಮ್ಮದು?"

ಬೆಚ್ಚಿ ತಿರುಗಿದೆ. "ಮೈಸೂರು ಸಾರ್. ನೀವು?"

"ನಾವು ಧಾರವಾಡದವ್ರು. ವಾಸುದೇವ ಇನಾಮದಾರ ಅಂತ. ಇಲ್ಲೇ ಕೆಂಟನ್ನಿನಾಗಿರತೇವಿ. ಡಾಕ್ಟರ್ ಇದ್ದೆ, ಈಗ ರಿಟೈರ್ ಆಗೇನಿ." ಬೇಲಿಯ ಸರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. "ಏನು ಹುಡುಕ್ಲಿಕ್ಕತ್ತೀರಿ?"

"ಇಲ್ಲಿ ಒಂದು ಹಳೇ ಚಾಪೆಲ್ ಇತ್ತಂತೆ. ಅದರ ಪಾಯ."

"ಸಿಕ್ಕೀತೇನು?"

ಕೇಳಿದ ರೀತಿಗೆ ನಾನು ಅವರ ಮುಖ ನೋಡಿದೆ. ಕುತೂಹಲಕ್ಕೆ ಕೇಳಿದವರ ಮುಖವಲ್ಲ ಅದು. ಆಪರೇಷನ್ ಥಿಯೇಟರಿನ ಹೊರಗೆ ಕಾದವರು ಒಳಗಿಂದ ಬಂದವರನ್ನು ಕೇಳುವ ಹಾಗಿತ್ತು.

"ಗೊತ್ತಿಲ್ಲ ಸಾರ್. ಇನ್ನೂ ಅರ್ಧವೂ ಆಗಿಲ್ಲ."

ಆಮೇಲೆ ದಿನಾ ಮಾತಾಯಿತು. ಒಂದು ಭಾನುವಾರ ಊಟಕ್ಕೆ ಕರೆದರು. ಹೇಗೂ ಗಿರೀಶನಿಗೆ ಡ್ಯೂಟಿ, ನಾನೊಬ್ಬಳೇ ಹೋದೆ. ಕೆಂಟನ್ನಿನ ಆ ಮನೆಯ ಬಾಗಿಲು ತೆಗೆದವರು ಅವರ ಹೆಂಡತಿ ಕಮಲಾಬಾಯಿ. ಸಣ್ಣ ಆಳು, ಚುರುಕು ಕಣ್ಣು, ಸೀರೆಯ ಮೇಲೆ ಕಾರ್ಡಿಗನ್.

"ಬಾರವಾ, ಒಳಗ ಬಾ. ಆಂಟಿ ಗೀಂಟಿ ಅನಬ್ಯಾಡ, ಕಾಕು ಅನ್ನು. ಎಷ್ಟು ತೆಳ್ಳಗಿದ್ದೀ! ಮೈಸೂರಾಗ ಊಟ ಹಾಕೂದಿಲ್ಲೇನು?"

ಬಿಸಿ ಜೋಳದ ಭಕ್ರಿ, ಬದನೇಕಾಯಿ ಎಣ್ಣೆಗಾಯಿ, ಮೊಸರು, ಶೇಂಗಾ ಚಟ್ನಿ. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬಿತ್ತು. ಲೀಡ್ಸಿನಲ್ಲಿದ್ದ ಮಗಳು ಫೋನು ಮಾಡಿದಳು. ಕಾಕು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಆಕೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು, ಇಬ್ಬರಿಗೂ ಅದು ಅಭ್ಯಾಸ. ಹೊರಡುವಾಗ ನನ್ನ ಸ್ವೆಟರಿನ ತೋಳು ಹೊಲಿಗೆ ಬಿಟ್ಟದ್ದು ನೋಡಿ ಕಾಕು ತಮ್ಮ ಮಂಗಳಸೂತ್ರದಿಂದ ಒಂದು ಪಿನ್ನು ತೆಗೆದು ಒಳಗಿನಿಂದ ಸಿಗಿಸಿ ಕಳಿಸಿದರು. ಅದು ನನಗೆ ಮರೆತೇಹೋಗಿ, ಮಾರನೇ ದಿನ ಮಧ್ಯಾಹ್ನದವರೆಗೆ ನಡೆದ ಗೆರೆಗಳಲ್ಲಿ ಪಟ್ಟೆ ಪಟ್ಟೆ ಬಂದು, ಹೆಲೆನ್ ನನ್ನನ್ನು ತಲೆಯಿಂದ ಕಾಲಿನವರೆಗೆ ತಡಕಿ ಆ ಪಿನ್ನು ಹಿಡಿದಳು. ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆದರೆ ಆ ಭಾನುವಾರದ ಇನ್ನೊಂದು ಮಾತು ನನ್ನ ತಲೆಯಲ್ಲಿ ಕೂತಿತ್ತು. ಡಾಕ್ಟರು ನನ್ನನ್ನು ಬಸ್ ಸ್ಟಾಪಿನವರೆಗೆ ಬಿಡಲು ಬಂದವರು ದನಿ ತಗ್ಗಿಸಿ, "ಆಕಿ ಮುಂದ ನಿಮ್ಮ ಕೆಲಸದ ಜಾಗದ ಸುದ್ದಿ ತಗೀಬ್ಯಾಡವ್ವಾ," ಎಂದಿದ್ದರು. ಯಾಕೆ ಎಂದು ಕೇಳುವಷ್ಟರಲ್ಲಿ ಬಸ್ಸು ಬಂದಿತ್ತು.

ವಾರವೆಲ್ಲ ಅದೇ ಯೋಚನೆ. ಕಾಕು ಫೋನು ಮಾಡಿ, "ಇವತ್ತು ಎಲ್ಲೆ ಕೆಲಸ?" ಎಂದರೆ, "ಇಲ್ಲೇ ಎಲ್ಲೋ ಕಾಕು," ಎಂದು ಮಾತು ಬದಲಿಸುತ್ತಿದ್ದೆ. ಬದಲಿಸಿದ ಮೇಲೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು.

ಮನೆಯಲ್ಲೂ ಏನೋ ಸರಿಯಿರಲಿಲ್ಲ. ಗಿರೀಶ ಫೋನು ಬಂದರೆ ಬಾಲ್ಕನಿಗೆ ಹೋಗುತ್ತಿದ್ದ. ಕೇಳಿದರೆ ಏನಿಲ್ಲ ಎನ್ನುತ್ತಿದ್ದ.

ಡಿಸೆಂಬರಿನ ಒಂದು ಮಧ್ಯಾಹ್ನ ಮಳೆ ಜೋರಾಗಿ ಹೆಲೆನ್ ಕೆಲಸ ನಿಲ್ಲಿಸಿದಳು. ಗೇಟಿನ ಪಕ್ಕದ ಬಸ್ ಶೆಲ್ಟರಿನಲ್ಲಿ ಡಾಕ್ಟರು ಕೂತಿದ್ದರು. ಪಕ್ಕದಲ್ಲಿ ಹೋಗಿ ಕೂತೆ. ಅಷ್ಟು ದಿನ ಕೇಳಬೇಕೆಂದಿದ್ದದ್ದನ್ನು ಕೇಳಿಯೇಬಿಟ್ಟೆ.

ಅವರು ರಸ್ತೆಯ ಕೊನೆಯ ಕಡೆ ಕೈ ತೋರಿಸಿದರು.

"ಆಗ ನಾನು ಈ ರಸ್ತಾದ ಕೊನೀಗೆ ಇದ್ದ ದವಾಖಾನ್ಯಾಗ ಜೂನಿಯರ್ ಡಾಕ್ಟರ್. ಈಗಲ್ಲೆ ಫ್ಲ್ಯಾಟ್ ಆಗ್ಯಾವ. ನಮ್ಮ ಮೊದಲನೇ ಕೂಸು ಅಲ್ಲೇ ಹುಟ್ಟಿತು. ಹೆಣ್ಣುಕೂಸು. ಹುಟ್ಟೂದ್ರಾಗ ಜೀವ ಇದ್ದಿಲ್ಲ." ಕೈಗವಸು ತೆಗೆದು ಮತ್ತೆ ಹಾಕಿಕೊಂಡರು. "ಕಮಲಾಗ ತೋರಸ್ಲಿಲ್ಲ. ಆಗ ಎಲ್ಲಾ ಕಡೆ ಹಂಗ ಇತ್ತು. ತೋರಿಸಿದ್ರ ಮನಸ್ಸಿಗೆ ಹಚ್ಕೋತಾರ, ಲಗೂ ಮರೀಲಿ ಅಂತಿದ್ರು. ನಾನೂ ಡಾಕ್ಟರ. ನಾನೂ ಅದನ್ನ ಅಂದೆ. ದವಾಖಾನಿಯವ್ರು ಎಲ್ಲಾ ಮಾಡತಾರ, ನೀ ವಿಚಾರ ಮಾಡಬ್ಯಾಡ ಅಂದೆ."

"ನೀವು ಇಲ್ಲಿಗೆ ಬಂದಿದ್ರಾ ಆಗ?"

"ಬಂದಿದ್ದೆ. ದವಾಖಾನ್ಯಾಗ ಕೂಸು ಒಯ್ಯೂ ಪೋರ್ಟರ್ ಒಬ್ಬಾವ ಇದ್ದ, ವಯಸ್ಸಾದಾವ, ಒಳ್ಳೇ ಮನಷ್ಯಾ. ಅವನ ಹಿಂದ ಬಂದೆ. ಹಿಮ ಬಿದ್ದಿತ್ತು. ಚಾಪೆಲ್ಲಿನ ಹಿಂದ ಒಂದು ಸಣ್ಣ ಖೋಲಿ ಹೊರಗ ಚಾಚಿತ್ತು, ಪಾದ್ರಿಗೋಳು ಅರಿವಿ ಬದಲಿ ಮಾಡೂ ಖೋಲಿ. ಆ ಖೋಲಿ ಗ್ವಾಡಿ, ಚಾಪೆಲ್ಲಿನ ಗ್ವಾಡಿ ಎರಡೂ ಕೂಡೂ ಮೂಲಿ. ಅಲ್ಲೆ ಗಾಳಿ ಹೊಡೀತಿದ್ದಿಲ್ಲ. ಅಲ್ಲೇ ಇಟ್ರು. ಬ್ಯಾರೆ ಕೂಸುಗೋಳೂ ಅದಾವ ಅಂದ ಅವ."

ಮುಂದೆ ಕೆಲಸಕ್ಕೆಂದು ಕೆಲವು ವರ್ಷ ವೇಲ್ಸಿನಲ್ಲಿದ್ದರಂತೆ. ಕೆಂಟನ್ನಿನಲ್ಲಿ ಮನೆ ಮಾಡಿಕೊಂಡು ವಾಪಸು ಬರುವಷ್ಟರಲ್ಲಿ ಚಾಪೆಲ್ ಇರಲಿಲ್ಲ. ಹುಲ್ಲು ಮಾತ್ರ. ಸ್ಮಶಾನದ ಆಫೀಸಿನಲ್ಲಿ ಕೇಳಿದರೆ, ಸಾಮೂಹಿಕ ಜಾಗ, ಎಲ್ಲಿ ಎಂದು ಹೇಳಲಾಗದು ಎಂದಷ್ಟೇ ಉತ್ತರ ಬಂತು. ಅಲ್ಲಿಂದೀಚೆಗೆ ವಾಕಿಂಗ್ ಎಂದು ಬಂದು ಈ ಹುಲ್ಲಿನ ಸುತ್ತ ತಿರುಗುತ್ತಿದ್ದರು. ಎಲ್ಲಿ ನಿಲ್ಲಬೇಕು ಎಂದು ತಿಳಿಯದೆ ಒಂದೊಂದು ದಿನ ಒಂದೊಂದು ಕಡೆ ನಿಲ್ಲುತ್ತಿದ್ದರು. ಕಾರ್ ಪಾರ್ಕಿಂಗಿನ ನೋಟೀಸು ನೋಡಿದ ಮೇಲೆ ನಿದ್ದೆ ಹೋಗಿತ್ತು.

"ಕಾಕುಗೆ ಯಾವತ್ತೂ ಹೇಳ್ಲಿಲ್ವಾ?"

"ಆಕಿ ಕೇಳಲೇ ಇಲ್ಲ. ಮರತಾಳ ಅನ್ಕೊಂಡೆ. ಮರತಾಕಿಗೆ ಮತ್ಯಾಕ ನೆಂಪ ಮಾಡೂದು?"

ಅವತ್ತು ನಾನು ಮನೆಗೆ ಬಸ್ಸು ಹಿಡಿಯಲಿಲ್ಲ. ಮಳೆಯಲ್ಲೇ ಎಷ್ಟೋ ದೂರ ನಡೆದೆ.

ಆವರೆಗಿನ ನಮ್ಮ ಚಿತ್ರದಲ್ಲಿ ಚಾಪೆಲ್ಲಿನ ಮುಂಭಾಗದ ಗೋಡೆ ಎಂದು ಹೇಳಬಹುದಾದ ಒಂದು ಕಪ್ಪು ಗೆರೆ ಮಸುಕಾಗಿ ಬಂದಿತ್ತು. ಹಿಂಭಾಗ ಬ್ರ್ಯಾಂಬಲ್ ಪೊದೆಯ ಅಡಿಗೆ ಹೋಗಿತ್ತು. ಪೊದೆ ಕಡಿಯಬಹುದು, ಆದರೆ ಕಬ್ಬಿಣದ ಬೇಲಿ ಅದರ ಮಗ್ಗುಲಲ್ಲೇ. ಬೇಲಿಯ ಹತ್ತಿರ ಯಂತ್ರ ಹಿಡಿದರೆ ಇಟ್ಟಿಗೆಯ ಸಣ್ಣ ದನಿ ಆ ಕಬ್ಬಿಣದ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಆದ್ದರಿಂದ ಆ ಮೂಲೆಯನ್ನು ಬಿಟ್ಟುಬಿಡುವುದೆಂದು ಹೆಲೆನ್ ಮೊದಲೇ ತೀರ್ಮಾನಿಸಿದ್ದಳು.

ಮಾರನೇ ಬೆಳಿಗ್ಗೆ ವ್ಯಾನಿನಲ್ಲಿ ಅವಳಿಗೆ ಎಲ್ಲ ಹೇಳಿದೆ. ಅವಳು ಸ್ಟಿಯರಿಂಗಿನ ಮೇಲೆ ಕೈಯಿಟ್ಟುಕೊಂಡು ಕೇಳಿದಳು.

"ಮಕ್ಕಳ ಗೋರಿ ಈ ಯಂತ್ರಕ್ಕೆ ಕಾಣುವುದಿಲ್ಲ, ಚೈತ್ರಾ. ನಿನಗೇ ಗೊತ್ತು. ಸಣ್ಣ ಗುಂಡಿ, ಅಗೆದ ಮಣ್ಣನ್ನೇ ಮತ್ತೆ ಮುಚ್ಚಿರುತ್ತಾರೆ. ಆ ಮನುಷ್ಯನಿಗೆ ಆಸೆ ಹುಟ್ಟಿಸಬೇಡ."

"ಮಗು ಕಾಣೋದು ಬೇಡ. ಗೋಡೆ ಕಂಡರೆ ಸಾಕು. ಗೋಡೆಯ ಮೂಲೆ ಎಲ್ಲಿದೆ ಅಂತ ಗೊತ್ತಾದರೆ ಉಳಿದದ್ದು ಅವರಿಗೆ ಗೊತ್ತಿದೆ."

"ಬೇಲಿ ಏನು ಮಾಡುತ್ತೀಯ?"

"ಕಾರು ಒಳಗೆ ಬರಬೇಕಾದರೆ ಆ ಬೇಲಿ ತೆಗೆಯಲೇಬೇಕು. ಆಮೇಲೆ ತೆಗೆಯೋದನ್ನ ಈಗಲೇ ತೆಗೆಯಲಿ."

ಹೆಲೆನ್ ವ್ಯಾನಿನಿಂದಿಳಿದು ಮಳೆಯಲ್ಲೇ ನಿಂತು ಕೌನ್ಸಿಲಿಗೆ ಫೋನು ಮಾಡಿದಳು. ಒಬ್ಬರು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ ದಾಟಿಸಿದರು. ಕ್ರಿಸ್ಮಸ್ ರಜೆ ಬಂದು ಹೋಯಿತು. ಉತ್ತರ ಬರಲಿಲ್ಲ. ಡಾಕ್ಟರು ಬೇಲಿಯ ಹತ್ತಿರ ಬರುವುದು ನಿಂತಿರಲಿಲ್ಲ, ಆದರೆ ಕೇಳುವುದು ನಿಲ್ಲಿಸಿದ್ದರು. ಕೇಳದೇ ಇದ್ದದ್ದೇ ನನಗೆ ಹೆಚ್ಚು ಹಿಂಸೆ. ಜನವರಿ ನಡುವೆ ಒಂದು ದಿನ ಫೋನು ಬಂತು. ಗುರುವಾರ ಬೇಲಿ ತೆಗೆಯುತ್ತೇವೆ, ಸೋಮವಾರ ಮಣ್ಣು ತೆಗೆಯುವ ಯಂತ್ರ ಬರುತ್ತದೆ, ನಡುವಿನ ದಿನಗಳಲ್ಲಿ ಏನು ಮಾಡಿಕೊಳ್ಳುತ್ತೀರೋ ಮಾಡಿಕೊಳ್ಳಿ ಎಂದರು.

ಶುಕ್ರವಾರ ಇಡೀ ದಿನ ಬ್ರ್ಯಾಂಬಲ್ ಕಡಿದೆವು. ಹೆಲೆನ್, ನಾನು, ರಜೆಯಿದ್ದ ಗಿರೀಶ. ಮುಳ್ಳು ಕೈಗವಸನ್ನು ಹರಿದು ಒಳಗೆ ಬರುತ್ತಿತ್ತು. ಡಾಕ್ಟರು ಬೇಡವೆಂದರೂ ಕೇಳದೆ ಕಡಿದ ಬಳ್ಳಿಗಳನ್ನು ಒಂದೊಂದಾಗಿ ಎಳೆದು ಆಚೆ ಹಾಕಿದರು. ಹಸಿ ಬಳ್ಳಿ, ಹಸಿ ಮಣ್ಣು, ನಾಲ್ವರ ಬಾಯಿಂದಲೂ ಹಬೆ.

ಶನಿವಾರ ನಾನು ನಡೆದೆ. ಗೆರೆಗಳನ್ನು ಎಂದಿಗಿಂತ ಒತ್ತಾಗಿ ಹಾಕಿದ್ದೆವು. ಕಾಲು ಓಡಬೇಕೆನ್ನುತ್ತಿತ್ತು. ಓಡಿದರೆ ಕೆಟ್ಟಿತು. ತುಟಿ ಕಚ್ಚಿಕೊಂಡು ಬೀಪಿಗೆ ಹೆಜ್ಜೆ ಕೂಡಿಸಿದೆ. ರಸ್ತೆಯ ಅಂಚಿನಲ್ಲಿ ಯಾರೋ ವ್ಯಾನು ತಂದು ನಿಲ್ಲಿಸಿದರು, ಗಿರೀಶ ಓಡಿಹೋಗಿ ಕೈಮುಗಿದು ದೂರ ನಿಲ್ಲಿಸಲು ಕೇಳಿಕೊಂಡ. ಕೊನೆಯ ಗೆರೆ ಮುಗಿದಾಗ ಸೊಂಟ ಮರಗಟ್ಟಿತ್ತು.

ವ್ಯಾನಿನೊಳಗೆ ಲ್ಯಾಪ್‌ಟಾಪಿನ ಮುಂದೆ ಎಲ್ಲರೂ ಒತ್ತಿಕೊಂಡು ಕೂತೆವು. ಚಿತ್ರ ಬೂದು ಬಣ್ಣದಲ್ಲಿ ತೆರೆದುಕೊಂಡಿತು. ಬೇಲಿಯ ಕಂಬ ಮುರಿದು ಉಳಿದಲ್ಲಿ ಬಿಳಿ ಕಪ್ಪು ಚುಕ್ಕೆಗಳು. ಅವುಗಳ ಈಚೆ, ಮೊದಲೇ ಕಂಡಿದ್ದ ಗೆರೆಗೆ ಕೂಡಿಕೊಂಡು ಇನ್ನೊಂದು ಗೆರೆ, ಅದು ತಿರುಗಿ ಮತ್ತೊಂದು. ಹಿಂದುಗಡೆ, ದೊಡ್ಡ ಚೌಕಕ್ಕೆ ಅಂಟಿಕೊಂಡ ಸಣ್ಣ ಚೌಕ.

ಹೆಲೆನ್ ಉಸಿರು ಬಿಟ್ಟಳು. "ಅದೇ ಆ ಕೋಣೆ."

ಡಾಕ್ಟರು ಕನ್ನಡಕ ಒರೆಸಿಕೊಂಡು ಬಗ್ಗಿದರು. ಬೆರಳು ಪರದೆಗೆ ಮುಟ್ಟದೆ ಗಾಳಿಯಲ್ಲೇ ಎರಡು ಗೆರೆ ಕೂಡುವ ಮೂಲೆಯ ಮೇಲೆ ನಿಂತಿತು.

"ನಾ ಇಷ್ಟು ವರ್ಷ ಆ ಕಡೆ ನಿಂದರತಿದ್ದೆ," ಎಂದರು. ಅಷ್ಟೇ. ಇಳಿದು, ಹುಲ್ಲಿನ ಆಚೆ ಬದಿಗೆ ಹೋಗಿ, ನಮಗೆ ಬೆನ್ನು ಮಾಡಿ ಬಹಳ ಹೊತ್ತು ನಿಂತರು.

ಹೆಲೆನ್ ಭಾನುವಾರ ಕೂತು ವರದಿ ಬರೆದಳು. ಡಾಕ್ಟರು ತಮಗೆ ನೆನಪಿದ್ದಷ್ಟನ್ನೂ ಬರೆದು ಸಹಿ ಮಾಡಿ ಕೊಟ್ಟರು. ಎರಡನ್ನೂ ಅವಳು ರಾತ್ರಿಯೇ ಕೌನ್ಸಿಲಿಗೆ ಕಳಿಸಿದ್ದರಿಂದ ಸೋಮವಾರ ಮಣ್ಣು ತೆಗೆಯುವ ಯಂತ್ರ ಬಂದದ್ದು ಹಾಗೇ ನಿಂತಿತು. ಕೆಲಸ ತಡೆಹಿಡಿಯಲಾಗಿದೆ ಎಂಬ ಸುದ್ದಿ ಸ್ಥಳೀಯ ಪತ್ರಿಕೆಯಲ್ಲಿ ಬರಬಹುದು ಎಂದು ಯಾರೋ ಅಂದರಂತೆ. ಕಾಕುಗೆ ಅದು ಪತ್ರಿಕೆಯಿಂದ ತಿಳಿಯಬಾರದು. ಆ ಸಂಜೆಯೇ ಡಾಕ್ಟರು ಹೆಂಡತಿಗೆ ಹೇಳಿದರು.

ಮಾರನೇ ಬೆಳಿಗ್ಗೆ ಕೊಲಿಂಡೇಲ್ ಟ್ಯೂಬ್ ಸ್ಟೇಷನ್ನಿನಿಂದ ನನಗೆ ಫೋನು ಬಂತು. "ನಾನು ಕಮಲಾ. ಸ್ಟೇಷನ್ನಿನಾಗ ಇದ್ದೇನಿ. ನಿಮ್ಮ ಮನಿ ಎಲ್ಲದ?"

ಕರೆದುಕೊಂಡು ಬಂದೆ. ಕೋಟು ಬಿಚ್ಚಲಿಲ್ಲ. ಸೋಫಾದ ತುದಿಯಲ್ಲಿ ಕೂತರು. ಗಿರೀಶ ಡ್ಯೂಟಿ ಮುಗಿಸಿ ಬಂದವನು ಟೀ ಮಾಡಿಟ್ಟ. ಅದು ಆರಿಹೋಯಿತು.

"ದಿನಾ ವಾಕಿಂಗ್ ಅಂತ ಹೋಗ್ತಿದ್ರು," ಎಂದರು ಕಾಕು. "ಶುಗರಿಗೆ ಛಲೋ ಅಂತ ನಾನ ಟೊಪಗಿ ಕೈಯಾಗ ಕೊಟ್ಟು ಕಳಸ್ತಿದ್ದೆ. ನನ್ನ ಒಬ್ಬಾಕಿನ್ನ ಮನ್ಯಾಗ ಬಿಟ್ಟು ತಾವು ಹೋಗಿ ಕೂಸಿನ ಹತ್ರ ನಿಂತು ಬರ್ತಿದ್ರು. ಇಷ್ಟು ವರ್ಷ!"

"ಕಾಕು, ಅವರು ನಿಮಗೆ ನೋವಾಗುತ್ತೆ ಅಂತ..."

"ನೋವು ಆಗಬಾರದಂತ ಅವರು ಯಾಕ ತೀರ್ಮಾನ ಮಾಡಬೇಕು? ನೋವು ನಂದು." ಕಾಕುವಿನ ದನಿ ಏರಿತು. "ಆಕಿ ಮರತಾಳ ಅನ್ಕೊಂಡೆ ಅಂತಾರ. ಹೆಂಗ ಮರೀತಾರ? ಹಾಲು ಬಂದಿದ್ದು ನನಗ. ಎದಿ ಕಟ್ಟಿ ಕಟ್ಟಿ ಇಟ್ಟು ಜ್ವರಾ ಬಂದಿದ್ದು ನನಗ. ಎಲ್ಲಿಟ್ಟಾರ ಅಂತ ಕೇಳಿದ್ರ ಇವರಿಗೆ ತ್ರಾಸ ಆಗ್ತದ ಅಂತ ನಾ ಬಾಯಿ ಮುಚ್ಕೊಂಡು ಕೂತೆ."

ಕಾಕು ಸೆರಗಿನಿಂದ ಮುಖ ಒರೆಸಿಕೊಂಡು, "ಅದೇನೋ ಚಿತ್ರ ಅದ ಅಂತಲ್ಲ. ತೋರಸು," ಎಂದರು.

ತೋರಿಸಿದೆ. ದೊಡ್ಡ ಚೌಕ ಚಾಪೆಲ್ಲು, ಇದು ಹಿಂದಿನ ಕೋಣೆ, ಇದು ಮೂಲೆ.

"ಆಕಿ ಕಾಣಸ್ತಾಳೇನು ಇದರಾಗ?"

"ಇಲ್ಲ ಕಾಕು. ಈ ಮೆಷಿನ್ನು ಇಟ್ಟಿಗೆ ತೋರ್ಸುತ್ತೆ ಅಷ್ಟೇ. ಮಗೂನ ತೋರ್ಸಲ್ಲ. ಅಲ್ಲಿ ಬೇರೆ ಮಕ್ಕಳೂ ಇದ್ದಾರಂತೆ. ಯಾರು ಎಲ್ಲಿ ಅಂತ ಯಾರಿಗೂ ಹೇಳಕ್ಕಾಗಲ್ಲ."

ಕಾಕು ತಲೆಯಾಡಿಸಿದರು. "ಖರೇ ಹೇಳಿದಿ. ಸುಳ್ಳು ಹೇಳಿ ಸಮಾಧಾನ ಮಾಡವ್ರು ನನಗ ಸಾಕಾಗ್ಯಾರ." ಬಹಳ ಹೊತ್ತು ಆ ಬೂದು ಚಿತ್ರವನ್ನೇ ನೋಡಿ, "ಬ್ಯಾರೆ ಕೂಸುಗೋಳು ಅದಾವಲ್ಲ, ಛಲೋ ಆತು. ಒಬ್ಬಾಕಿನ ಇಲ್ಲ," ಎಂದರು.

ಅವರನ್ನು ಕೆಂಟನ್ನಿಗೆ ಬಿಟ್ಟು ಬಂದ ಮೇಲೆ ಗಿರೀಶ ಊಟದ ಮೇಜಿನಲ್ಲಿ ತಟ್ಟೆ ಪಕ್ಕಕ್ಕೆ ಸರಿಸಿ ಹೇಳಿದ. ಫೆಬ್ರವರಿಯಿಂದ ಅವನಿಗೆ ಶೆಫೀಲ್ಡಿಗೆ ಹಾಕಿದ್ದರು. ತಿಳಿದು ಎಷ್ಟೋ ದಿನವಾಗಿತ್ತು. "ಈಗ ತಾನೇ ಕೆಲಸ ಸಿಕ್ಕಿ ನೀನು ಖುಷಿಯಾಗಿದ್ದೆ. ಬೇಜಾರು ಮಾಡ್ಕೋತೀಯ ಅಂತ ಹೇಳಿರ್ಲಿಲ್ಲ."

ನಾನು ಕೂಗಾಡಿದೆ. ಆ ವರ್ಷ ಒಳಗೆ ಕೂಡಿಟ್ಟಿದ್ದೆಲ್ಲ ಆಚೆ ಬಂತು. ಅವನು ಎದ್ದು ಬಂದು ಸೋಫಾದಲ್ಲಿ ಕಾಕು ಕೂತಿದ್ದ ಜಾಗದಲ್ಲೇ ಕೂತು ಕೇಳಿಸಿಕೊಂಡ. ಕೊನೆಗೆ, "ಇನ್ಮೇಲೆ ಹೇಳ್ತೀನಿ. ಕೆಟ್ಟದ್ದಾದ್ರೂ ಮೊದಲು ನಿನಗೇ ಹೇಳ್ತೀನಿ," ಎಂದ. ಇವತ್ತಿನವರೆಗೆ ಆ ಮಾತು ನಡೆಸಿದ್ದಾನೆ, ನನಗೆ ಕೇಳಲು ಇಷ್ಟವಿಲ್ಲದ ಎಷ್ಟೋ ಸುದ್ದಿಯನ್ನು ಬಾಗಿಲಲ್ಲೇ ನಿಂತು ಹೇಳಿದ್ದಾನೆ.

ಫೆಬ್ರವರಿಯಲ್ಲಿ ಅವನು ಹೋದ. ಕೆಲಸ ಮುಗಿಸಿ ಬರುತ್ತೇನೆಂದು ನಾನು ಮಾರ್ಚಿನವರೆಗೆ ಉಳಿದೆ. ಕೆಂಟನ್ನಿನ ಮನೆಯಲ್ಲಿ ಮೌನ. "ಊಟಕ್ಕ ಬಡಸ್ತಾಳ, ಔಷಧ ಕೊಡತಾಳ. ಮಾತಿಲ್ಲ," ಎಂದು ಡಾಕ್ಟರು ಒಮ್ಮೆ ಫೋನಿನಲ್ಲಿ ಹೇಳಿದರು. ಕಾಕು ನನ್ನ ಜೊತೆಗೂ ಅಷ್ಟಕ್ಕಷ್ಟೇ. ಕೌನ್ಸಿಲಿನಲ್ಲಿ ಒಂದರ ಮೇಲೊಂದು ಸಭೆಯಾಯಿತು. ಹೆಲೆನ್ ಎಲ್ಲದಕ್ಕೂ ಹೋದಳು. ಕೊನೆಗೆ ಪಾರ್ಕಿಂಗನ್ನು ಮುಂದಿನ ಗೇಟಿನ ಹತ್ತಿರಕ್ಕೆ ಸರಿಸುವುದು, ಹಿಂಭಾಗವನ್ನು ಹುಲ್ಲಾಗಿಯೇ ಬಿಟ್ಟು ಮರದ ಬೇಲಿ ಹಾಕುವುದು ಎಂದಾಯಿತು. ಕರೆ ಮಾಡಿ ತಿಳಿಸಿದ ಹೆಲೆನ್, ಶೆಫೀಲ್ಡಿನಲ್ಲಿ ಇದೇ ಕೆಲಸ ಮಾಡುವ ತನ್ನ ಗೆಳೆಯರೊಬ್ಬರಿಗೆ ನನ್ನ ಹೆಸರು ಹೇಳಿರುವುದಾಗಿಯೂ ಸೇರಿಸಿದಳು. "ಈಗ ನಿನ್ನ ಗೆರೆಗಳು ನೇರ ಬರುತ್ತವೆ ಎಂದು ಹೇಳಿದ್ದೇನೆ," ಎಂದಳು.

ನಾನು ಹೊರಡುವ ಹಿಂದಿನ ಭಾನುವಾರ ಕಾಕು ಫೋನು ಮಾಡಿದರು. "ನೀ ಹೋಗೂದ್ರೊಳಗ ನನಗಲ್ಲೆ ಒಮ್ಮೆ ಕರಕೊಂಡು ಹೋಗು. ಅವರಿಗೂ ಬರ್ರಿ ಅಂತ ಹೇಳೇನಿ."

ಬಸ್ಸಿನಲ್ಲಿ ಗಂಡ ಹೆಂಡತಿ ಬೇರೆ ಬೇರೆ ಸೀಟಿನಲ್ಲಿ ಕೂತರು. ಬಿಸಿಲಿತ್ತು, ಗಾಳಿಯೂ ಜೋರಿತ್ತು. ನಾನು ಬೆಳಿಗ್ಗೆಯೇ ಬಂದು ಚಿತ್ರದ ಅಳತೆಯಂತೆ ಗೋಡೆಗಳಿದ್ದಲ್ಲಿ ಪ್ಲಾಸ್ಟಿಕ್ ಗೂಟ ನೆಟ್ಟು ದಾರ ಕಟ್ಟಿದ್ದೆ. ಕಡಿದ ಬ್ರ್ಯಾಂಬಲ್ಲಿನ ಬುಡಗಳಲ್ಲಿ ಆಗಲೇ ಹಸಿರು ಚಿಗುರು ಬರುತ್ತಿತ್ತು.

"ಇಲ್ಲಿ ಕಾಕು," ಎಂದು ಎರಡು ದಾರ ಕೂಡುವ ಮೂಲೆ ತೋರಿಸಿ ನಾನು ಹಿಂದಕ್ಕೆ ಬಂದೆ.

ಕಾಕು ಸೀರೆಯ ನೆರಿಗೆ ಎತ್ತಿ ಹಿಡಿದು ಮೆಲ್ಲಗೆ ಹೋದರು. ಕೈಯಲ್ಲಿ ಏನೂ ತಂದಿರಲಿಲ್ಲ. ಮೊಣಕಾಲು ಬಾಗದೆ ಕಷ್ಟಪಟ್ಟು ಬಗ್ಗಿ ಹುಲ್ಲಿನ ಮೇಲೆ ಅಂಗೈ ಇಟ್ಟರು. ಮಲಗಿದ ಮಗುವಿಗೆ ಜ್ವರ ಇದೆಯೇ ಎಂದು ನೋಡುವವರ ಹಾಗೆ. ಏನೋ ಅಂದರು. ಡಾಕ್ಟರು ದಾರದ ಆಚೆ ನಿಂತಿದ್ದರು.

"ಏನಂದಿ?"

"ಹೆಸರು ಕರದೆ."

"ಯಾರ ಹೆಸರು?"

"ಆಕೀದು. ಹೊಟ್ಟ್ಯಾಗ ಇದ್ದಾಗಲೇ ಇಟ್ಟಿದ್ದೆ. ನೀವು ಕೇಳಲಿಲ್ಲ. ನಾ ಹೇಳಲಿಲ್ಲ."

ಡಾಕ್ಟರು ದಾರ ದಾಟಿ ಒಳಗೆ ಬಂದರು. "ಏನಿಟ್ಟಿದ್ದಿ?"

ಕಾಕು ಹೇಳಿದರು. ಅಷ್ಟರಲ್ಲಿ ರಸ್ತೆಯಲ್ಲಿ ಡಬಲ್ ಡೆಕ್ಕರ್ ಬಸ್ಸೊಂದು ಹೋಯಿತು.

"ಕೇಳಸ್ಲಿಲ್ಲ, ಕಮಲಾ."

ಕಾಕು ಎದ್ದು ನಿಂತು, ಗಂಡನ ಕಡೆ ತಿರುಗಿ, ಮನೆಯಂಗಳದಲ್ಲಿ ಆಡುವ ಮಗುವನ್ನು ಊಟಕ್ಕೆ ಕರೆಯುವಷ್ಟು ಗಟ್ಟಿಯಾಗಿ ಹೇಳಿದರು, "ಮಂದಾಕಿನಿ!"

ನಾಯಿ ಕರೆದುಕೊಂಡು ಹೋಗುತ್ತಿದ್ದ ಒಬ್ಬಾಕೆ ನಿಂತು ತಿರುಗಿ ನೋಡಿದಳು. ಡಾಕ್ಟರು ಹೆಂಡತಿಯ ಪಕ್ಕದಲ್ಲಿ ಬಂದು ನಿಂತರು. ಗಂಟಲು ಸರಿಮಾಡಿಕೊಂಡು, ಮಗಳನ್ನು ಶಾಲೆಗೆ ಸೇರಿಸಲು ಹೋದ ತಂದೆ ಮೇಷ್ಟ್ರ ಮುಂದೆ ಹೇಳುವ ಹಾಗೆ, ಪೂರ್ತಿ ಹೇಳಿದರು.

"ಮಂದಾಕಿನಿ ವಾಸುದೇವ ಇನಾಮದಾರ."